ಲೆಬನಾನಿನ ರವಿವಾರ

ಆ ರವಿವಾರ ಬೆಳಿಗ್ಗೆ ಒಂಬತ್ತರೊಳಗೆ ನನ್ನ ತಂಗಿ ಪ್ರತಿಮಾ ಮೂರು ಸಲ ಫೋನ್ ಮಾಡಿದಳು. ಮೂರೂ ಸಲ ಕೇಳಿದ್ದು ಒಂದೇ ಮಾತು.

"ಅಕ್ಕಾ, ಶೇಂಗಾ?"

"ಇಲ್ಲ ಬೇ, ಒಂದ್ ಕಾಳೂ ಇಲ್ಲ. ಹಿಂಡಿ ಡಬ್ಬಿ, ಶೇಂಗಾದ ಚೀಲ, ಉಂಡಿ, ಎಲ್ಲಾ ಬಾಜೂ ಮನ್ಯಾಗ ಒಯ್ದು ಇಟ್ಟೇನಿ. ಮಿಕ್ಸರ್ ಭಾಂಡೆ ಬಿಸಿನೀರಾಗ ತೊಳದೇನಿ. ಅಡಗಿ ಕಟ್ಟಿ ಎರಡ್ ಸಲ ಒರಸೇನಿ. ಇನ್ನ ನಾ ಒದ್ದಿ ಸೀರಿ ಉಟ್ಕೊಂಡ್ ಮಡೀಲೆ ಅಡಗಿ ಮಾಡ್ಲೇನು?"

ಅವಳು ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ ಎನ್ನುವುದು ನನಗೂ ಗೊತ್ತಿತ್ತು. ಆದರೆ ಹೆದರಿಕೆಯಾದಾಗ ನನ್ನ ಬಾಯಿ ಹರಿತವಾಗುತ್ತದೆ, ಅದು ನನ್ನ ಹುಟ್ಟುಗುಣ.

ಪ್ರತಿಮಾ ಮುಧೋಳದ ದುರಗೇಶನನ್ನು ಮದುವೆಯಾಗಿ ಎಂಟು ತಿಂಗಳಾಗಿತ್ತು. ದುರಗೇಶ ಅಂಚೆ ಕಚೇರಿಯಲ್ಲಿ ನೌಕರ. ಅವನ ಮೊದಲ ಹೆಂಡತಿ ಕಾಯಿಲೆಯಿಂದ ತೀರಿಹೋಗಿ ನಾಲ್ಕು ವರ್ಷ. ಅವಳ ಮಗಳು ತಾರಾಗೆ ಈಗ ಆರು. ಆ ಹುಡುಗಿಗೆ ಶೇಂಗಾ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಹೊಟ್ಟೆನೋವು, ವಾಂತಿ ಅಂಥದ್ದಲ್ಲ. ಎರಡು ವರ್ಷದ ಹಿಂದೆ ಯಾರೋ ಅಕ್ಕರೆಯಿಂದ ಒಂದು ಚೂರು ಶೇಂಗಾ ಉಂಡಿ ಬಾಯಿಗಿಟ್ಟಿದ್ದಕ್ಕೆ ಗಂಟಲು ಬಾತು ಉಸಿರು ನಿಲ್ಲುವುದರಲ್ಲಿತ್ತು. ಅಂದಿನಿಂದ ದುರಗೇಶ ಮಗಳನ್ನು ಯಾರ ಮನೆಗೂ ಊಟಕ್ಕೆ ಕಳಿಸಿದವನಲ್ಲ. ಮದುವೆಗೆ ಹೋದರೂ ಮಗಳ ಬುತ್ತಿ ಜೊತೆಗಿರುತ್ತಿತ್ತು.

ಇದರ ಮೇಲೆ ಬಿಳಗಿಯ ಅನಸವ್ವ. ತೀರಿಹೋದವಳ ತಾಯಿ, ತಾರಾಳ ಅಜ್ಜಿ. "ಮಲತಾಯಿ ಕೈಯಾಗ ನನ್ನ ಮಗಳ ಮಗಳ ಜೀವಾ ಕೊಡಾಂಗಿಲ್ಲ. ಈ ವರ್ಷದ ಸಾಲಿ ಮುಗೀಲಿ, ಮಗೂನ್ನ ನಾನ ಒಯ್ತೇನಿ" ಎಂದು ಆಕೆ ಹಟ ಹಿಡಿದಿದ್ದಳು. ದುರಗೇಶ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಪ್ರತಿಮಾಳ ಕಡೆ ತಿರುಗಿ, "ನಿಮ್ಮ ಅಕ್ಕನ ಮನಿಗೆ ನೀನ ಒಬ್ಬಾಕಿ ಕರಕೊಂಡ್ ಹೋಗಿ ಬಾ, ನೋಡೂಣು" ಎಂದಿದ್ದ. ಪರೀಕ್ಷೆ ಎಂಬ ಶಬ್ದ ಅವನ ಬಾಯಿಂದ ಬರಲಿಲ್ಲ ಅಷ್ಟೇ. ಪಾಸಾದರೆ ಮಗು ಮುಧೋಳದಲ್ಲಿ, ನಪಾಸಾದರೆ ಬಿಳಗಿಯಲ್ಲಿ. ಎಂಟು ತಿಂಗಳಲ್ಲಿ ಪ್ರತಿಮಾ ಆ ಹುಡುಗಿಯನ್ನು ಎಷ್ಟು ಹಚ್ಚಿಕೊಂಡಿದ್ದಳೆಂದರೆ, ಬಿಳಗಿ ಎಂಬ ಊರಿನ ಹೆಸರು ಕೇಳಿದರೇ ಅವಳ ಮುಖ ಇಳಿಯುತ್ತಿತ್ತು.

ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಹೊರದೇಶ ನೋಡಿದವಳಲ್ಲ. ಆ ಕೊರತೆಯನ್ನು ರವಿವಾರ ಅಡುಗೆಮನೆಯಲ್ಲಿ ತೀರಿಸಿಕೊಳ್ಳುತ್ತೇನೆ. ಒಂದು ವಾರ ಮೆಕ್ಸಿಕೋ, ಅಂದರೆ ಜೋಳದ ರೊಟ್ಟಿಯೊಳಗೆ ಅಲಸಂದಿ ಪಲ್ಯ, ಹಸಿ ಉಳ್ಳಾಗಡ್ಡಿ, ಲಿಂಬೆರಸ. ಇನ್ನೊಂದು ವಾರ ಇಟಲಿ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲಿ ಎಷ್ಟು ದೂರ ಹೋಗಲಾಗುತ್ತದೋ ಅಷ್ಟು ದೂರ. ನನ್ನ ಗಂಡ ಶಿವಾಜಿ ಏನು ಕೊಟ್ಟರೂ ಉಣ್ಣುವವರು. ಅತ್ತೆ ಸಾತವ್ವ ಮಾತ್ರ ಪ್ರತಿ ರವಿವಾರ ಬೆಳಿಗ್ಗೆ ಚಹಾ ಕುಡಿಯುತ್ತ, "ಇವತ್ತ ಯಾವ ದೇಶಕ್ಕ ಹೊಂಟೇವಬೇ? ಸಂಜಿಗೆ ಹೊಳ್ಳಿ ಬರ್ತೇವಿಲ್ಲೊ?" ಎಂದು ಕೇಳದೆ ಬಿಡುವವರಲ್ಲ.

ಇಷ್ಟೇ ಆದರೆ ನಗಬಹುದಿತ್ತು. ಹಿಂದಿನ ತಿಂಗಳು ಇಟಲಿಯ ದಿನ ನಾನು ಸ್ನಾನಕ್ಕೆ ಹೋದಾಗ ಅತ್ತೆ ನನ್ನ ಪಾಸ್ತಾಕ್ಕೆ ಎರಡು ಚಮಚೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹಾಕಿ ಕಲಸಿಬಿಟ್ಟಿದ್ದರು. "ಸಪ್ಪಗಿತ್ತು ಬೇ, ಜೀವಾ ತಡೀಲಿಲ್ಲ" ಎಂದಿದ್ದರು. ನಮ್ಮ ಸೀಮೆಯ ಹೆಂಗಸರ ಕೈ ಹಾಗೆಯೇ. ಪಲ್ಯವಿರಲಿ, ಪಚಡಿಯಿರಲಿ, ಉಪ್ಪು ಖಾರದ ಜೊತೆ ಹಿಂಡಿ ಬೀಳಲೇಬೇಕು. ಅದಕ್ಕೇ ಈ ಸಲ ಡಬ್ಬಿಯನ್ನೇ ಮನೆಯಿಂದ ಹೊರಗೆ ಹಾಕಿದ್ದೆ. ಅತ್ತೆಗೆ ಕೈಮುಗಿದು ಹೇಳಿದ್ದೆ.

"ತಿಳೀತ ಬೇ. ನಾನೂ ಮಕ್ಕಳ ಹಡದಾಕಿ ಅದೇನಿ" ಎಂದಿದ್ದರು ಅವರು, ಸ್ವಲ್ಪ ಸಿಟ್ಟಿನಿಂದಲೇ.

ಆ ದಿನ ಲೆಬನಾನಿಗೆ ಹೋಗುವುದೆಂದು ತೀರ್ಮಾನಿಸಿದ್ದೆ. ಕಾಬೂಲಿ ಕಡಲೆಯನ್ನು ರಾತ್ರಿಯೇ ನೆನೆಹಾಕಿ, ನೀರು ಬಸಿದು, ಬಳ್ಳೊಳ್ಳಿ, ಜೀರಿಗೆ, ಕೊತ್ತಂಬರಿ ಹಾಕಿ ತರಿತರಿಯಾಗಿ ರುಬ್ಬಿ, ಸಣ್ಣ ಸಣ್ಣ ಗುಂಡು ಮಾಡಿ ಕರಿಯುವುದು. ತೆಳು ಚಪಾತಿಯೊಳಗೆ ಇಟ್ಟು, ಮೇಲೆ ಬಳ್ಳೊಳ್ಳಿ ಹಾಕಿದ ಗಟ್ಟಿ ಮೊಸರು ಸುರಿದು ಸುತ್ತಿ ತಿನ್ನುವುದು. ಕಡಲೆ, ಮೊಸರು, ಗೋಧಿ ಮೂರೂ ತಾರಾ ದಿನಾ ತಿನ್ನುವ ಪದಾರ್ಥಗಳೆಂದು ಪ್ರತಿಮಾಳನ್ನು ಕೇಳಿಯೇ ಆರಿಸಿದ್ದೆ.

"ಇದಕ್ಕ ಫಲಾಫಲ್ ಅಂತಾರ್ರೀ" ಎಂದೆ.

ಅತ್ತೆ ಬಗ್ಗಿ ನೋಡಿದರು. "ಇದು ನಮ್ಮ ಕಡ್ಲಿ ವಡಿ ಅಲ್ಲೇನ? ಪಾಸ್‌ಪೋರ್ಟ್ ಮಾಡಿಸಿ ಕೊಟ್ಟಿ ಅಷ್ಟ."

ಹನ್ನೆರಡಕ್ಕೆ ಪ್ರತಿಮಾ ಬಂದಳು. ಒಂದು ಕೈಯಲ್ಲಿ ತಾರಾ, ಇನ್ನೊಂದು ಕೈಯಲ್ಲಿ ಔಷಧದ ಚೀಲ, ಅದರೊಳಗೆ ಡಾಕ್ಟರು ಬರೆದುಕೊಟ್ಟ ಚೀಟಿ. ಬಸ್ಸಿನಲ್ಲಿ ಯಾರೋ ಶೇಂಗಾ ಸುಲಿಯುತ್ತಿದ್ದರೆಂದು ಎರಡು ಸಲ ಸೀಟು ಬದಲಿಸಿದ್ದಳಂತೆ. ತಾರಾ ನನಗೆ ಮೊದಲ ಸಲವೇ "ದೊಡ್ಡವ್ವ" ಎಂದಳು. ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಆಡಿಸುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಎಣ್ಣೆ ಕಾದಿತ್ತು. ಗುಂಡುಗಳನ್ನು ಬಿಟ್ಟೆ. ಅವು ಮೇಲೆದ್ದು ಕೆಂಪಗಾಗುವುದನ್ನು ಹುಡುಗಿ ಕಣ್ಣರಳಿಸಿ ನೋಡಿದಳು. ಊಟಕ್ಕೆ ಕೂತಾಗ ಚಪಾತಿ ಸುತ್ತಿಕೊಟ್ಟರೆ ಒಳಗಿನ ವಡೆಯನ್ನಷ್ಟೇ ಎಳೆದು ತಿಂದಳು. ಒಂದಾಯಿತು, ಎರಡಾಯಿತು. "ದೊಡ್ಡವ್ವಾ, ಇನ್ನೊಂದ ಕೊಡ್ರಿ" ಎಂದಾಗ ಪ್ರತಿಮಾ ನನ್ನ ಕಡೆ ನೋಡಿ ನಕ್ಕಳು. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. ಅತ್ತೆ ಸೌತೆಕಾಯಿ ಪಚಡಿಯ ಬೋಗುಣಿಯನ್ನು ಮುಂದೆ ಎಳೆದುಕೊಂಡು ಕೈಯಾಡಿಸುತ್ತಿದ್ದರು.

"ಸಣ್ಣವ್ವಾ, ನಾಲಿಗಿ ತುರಸಾಕತ್ತೈತಿ" ಎಂದಳು ತಾರಾ, ಪ್ರತಿಮಾಳ ಕಡೆ ತಿರುಗಿ.

ಪ್ರತಿಮಾಳ ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗೆ ಬಿತ್ತು.

ಮೊದಲು ತುಟಿ ದಪ್ಪಗಾಯಿತು. ಆಮೇಲೆ ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು, ನೋಡನೋಡುತ್ತ ಎದೆಗಿಳಿದವು. ಹುಡುಗಿ ಕೆಮ್ಮತೊಡಗಿದಳು. ಪ್ರತಿಮಾ ಚೀಲದೊಳಗಿನ ಔಷಧ ಕುಡಿಸಿದಳು, ಅರ್ಧ ಒಳಗೆ ಹೋಯಿತು, ಅರ್ಧ ಫ್ರಾಕಿನ ಮೇಲೆ ಚೆಲ್ಲಿತು. ಗಂಡ ಆ ದಿನ ಊರಲ್ಲಿರಲಿಲ್ಲ, ನಾನೇ ಹೊರಗೋಡಿ ಆಟೋ ಕರೆದೆ. ಒಳಗೆ ಬಂದಾಗ ಕಂಡದ್ದು ಅತ್ತೆಯ ಕೈ ಇನ್ನೂ ಪಚಡಿಯ ಬೋಗುಣಿಯಲ್ಲಿರುವುದು. ನನ್ನ ತಲೆಯಲ್ಲಿ ಇಟಲಿಯ ದಿನ ಎದ್ದು ನಿಂತಿತು.

"ಏನ್ ಹಾಕಿದ್ರಿ ಅದ್ರಾಗ? ಖರೆ ಹೇಳ್ರಿ!"

"ಉಪ್ಪ ಹಾಕೇನಿ ಬೇ. ಏನೂ ಹಾಕಿಲ್ಲ."

"ಸುಳ್ಳ ಹೇಳಬ್ಯಾಡ್ರಿ! ಎಲ್ಲೋ ಒಂದ ಮುಷ್ಟಿ ಮುಚ್ಚಿಟ್ಟಿದ್ರಿ ನೀವು. ಒಂದ ದಿನ, ಒಂದ ದಿನ ನಿಮ್ಮ ಕೈ ಸುಮ್ನಿರಲಿಲ್ಲಲ್ಲಾ!"

ಎಪ್ಪತ್ತು ವರ್ಷದ ಹೆಂಗಸಿನ ಮುಖದ ಮುಂದೆ ಕೈ ಚಾಚಿ ಕೂಗಿದೆ. ಹದಿನೈದು ವರ್ಷದಲ್ಲಿ ಅವರೆದುರು ಅಷ್ಟು ದನಿ ಎತ್ತಿದವಳಲ್ಲ. ಅವರು ನನ್ನ ಕೈಯನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಹಿಂದೆ ಬಂದು ಆಟೋ ಹತ್ತಿದರು.

ರಬಕವಿಯ ಕಡೆ ಒಂದು ದವಾಖಾನೆ ರವಿವಾರವೂ ತೆರೆದಿರುತ್ತದೆ. ಹತ್ತು ನಿಮಿಷದ ದಾರಿ. ಅರ್ಧಕ್ಕೆ ಬರುವಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ತಿರುವಿನಲ್ಲಿ ಸಿಕ್ಕಿ ರಸ್ತೆಗೆ ಅಡ್ಡ ನಿಂತಿತ್ತು. ಡ್ರೈವರ್ ಕೆಳಗಿಳಿದು ಪಕ್ಕದವನ ಜೊತೆ ಮಾತಾಡುತ್ತಿದ್ದ. ನಮ್ಮ ಆಟೋದವನು ಹಾರ್ನ್ ಒತ್ತೇ ಒತ್ತಿದ. ತಾರಾಳ ಉಸಿರು ಸೀಟಿ ಹೊಡೆಯುತ್ತಿತ್ತು. "ಸಣ್ಣವ್ವ" ಎನ್ನಲು ಹೋದರೆ ದನಿಯೇ ಹೊರಡಲಿಲ್ಲ. ಪ್ರತಿಮಾ ಅವಳನ್ನು ಎದೆಗೊತ್ತಿಕೊಂಡು, "ನೋಡು, ನನ್ನ ನೋಡು, ಕಣ್ಣ ಮುಚ್ಚಬ್ಯಾಡ ನನ್ನವ್ವಾ" ಎನ್ನುತ್ತಿದ್ದಳು.

ಅತ್ತೆ ಇಳಿದು ಹೋದರು. ಬರಿಗಾಲಲ್ಲಿ ಆ ಡಾಂಬರಿನ ಮೇಲೆ ನಡೆದು, ಡ್ರೈವರನ ಅಂಗಿಯ ತೋಳು ಹಿಡಿದು ಎಳೆದರು.

"ಲೇ ಮಗನ, ಕೂಸ ಸಾಯಾಕತ್ತೈತಿ ಅಲ್ಲಿ! ನಿನ್ನ ಕಬ್ಬ ಹಾಳಾಗ್ಲಿ, ಹಿಂದ ತಗೀ!"

ಅವನು ಬೆದರಿ ಹತ್ತಿದ. ಟ್ರೇಲರ್ ಹಿಂದೆ ಸರಿದು ಕಬ್ಬಿನ ಎರಡು ಹೊರೆ ಕೆಳಗುರುಳಿ ಆಟೋ ನುಸುಳುವಷ್ಟು ಜಾಗವಾಯಿತು. ಅತ್ತೆ ಓಡಿಬಂದು ಹತ್ತಿಕೊಂಡರು. ನಾನು ಅವರ ಮುಖ ನೋಡಲಿಲ್ಲ. ಈಗ ಮಾಡಿದ ಉಪಕಾರದಿಂದ ಆಗ ಮಾಡಿದ ತಪ್ಪು ಅಳಿಯುತ್ತದೇನು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ದವಾಖಾನೆಯ ಡಾಕ್ಟರ್ ನೀಲಕಂಠ ಚೀಟಿಯ ಮೇಲೆ ಕಣ್ಣಾಡಿಸಿದರು, ಹುಡುಗಿಯನ್ನು ನೋಡಿದರು, ಕೂಡಲೇ ತೊಡೆಗೆ ಸೂಜಿ ಚುಚ್ಚಿದರು. ಮೂಗಿಗೆ ಆಕ್ಸಿಜನ್ ಹಾಕಿದರು. ಗೋಡೆಯ ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ನನಗೆ ಅಂದು ತಿಳಿಯಿತು. ಏಳನೆಯ ನಿಮಿಷಕ್ಕೆ ಆ ಸೀಟಿಯ ಸದ್ದು ಇಳಿಯಿತು. ಹತ್ತಕ್ಕೆ ತಾರಾ ಅಳತೊಡಗಿದಳು. ಮಗು ಅತ್ತಿದ್ದಕ್ಕೆ ಅಷ್ಟು ಸಂತೋಷ ನಾನು ಎಂದೂ ಪಟ್ಟಿಲ್ಲ.

"ಸಂಜೀತನಕಾ ಇಲ್ಲೇ ಇರ್ಲ್ರಿ. ಒಮ್ಮೊಮ್ಮಿ ಇದು ಹೊಳ್ಳಿ ಬರ್ತೈತಿ" ಎಂದರು ಡಾಕ್ಟರ್.

ಫೋನ್ ಮಾಡಿದ್ದಕ್ಕೆ ದುರಗೇಶ ಮುಧೋಳದಿಂದ ಬೈಕಿನ ಮೇಲೆ ಬಂದ. ನೇರ ಮಗಳ ಹತ್ತಿರ ಹೋಗಿ ಹಣೆ, ಕೆನ್ನೆ, ಕೈ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ತಿರುಗಿ ನಿಂತ. ಕೂಗಾಡಿದ್ದರೆ ಸಹಿಸಬಹುದಿತ್ತು. ಅವನು ಬಹಳ ಮೆಲ್ಲಗೆ ಕೇಳಿದ.

"ಹೆಂಗಾತು?"

ಪ್ರತಿಮಾ ಮಂಚದ ಕಬ್ಬಿಣವನ್ನು ಹಿಡಿದು ನಿಂತಿದ್ದಳು. ಎಂಟು ತಿಂಗಳ ಸಂಸಾರ ಆ ಒಂದು ಪ್ರಶ್ನೆಯಲ್ಲಿ ಮುಗಿಯುವುದು ನನ್ನ ಕಣ್ಣೆದುರೇ ಕಾಣುತ್ತಿತ್ತು.

"ನಮ್ಮ ಅತ್ತಿ" ಎಂದೆ ನಾನು. "ಪಚಡಿಗೆ ಹಿಂಡಿ ಹಾಕ್ಯಾರ. ಅಷ್ಟ ಹೇಳಿದ್ರೂ ಕೇಳ್ಲಿಲ್ಲ."

ಎಲ್ಲರೂ ಅತ್ತೆಯ ಕಡೆ ನೋಡಿದರು. ಅವರು ಬಾಗಿಲ ಬಳಿ ಕಾಲುಗಳನ್ನು ಸೀರೆಯೊಳಗೆ ಮುಚ್ಚಿಕೊಂಡು ಕೂತಿದ್ದರು. ನನ್ನನ್ನು ಒಂದು ಗಳಿಗೆ ನೋಡಿ, ದುರಗೇಶನ ಕಡೆ ತಿರುಗಿದರು.

"ಹೌದೋ ತಮ್ಮಾ. ನಾನ ಹಾಕ್ದೆ. ಹಳೇ ಕೈ, ರೂಢಿ ಬಿಡೂದಿಲ್ಲ. ನಿನ್ನ ಹೇಣ್ತಿದು ಏನೂ ತಪ್ಪಿಲ್ಲ ಇದ್ರಾಗ. ಬೈಯೂದಿದ್ರ ನನ್ನ ಬೈ."

ದುರಗೇಶನ ಭುಜ ಸಡಿಲವಾಯಿತು. "ಆತ ಬಿಡ್ರಿ ಯವ್ವಾ. ವಯಸ್ಸಾದವ್ರಿಗೆ ಏನ್ ಅನ್ನೂದು" ಎಂದ. ಪ್ರತಿಮಾ ಉಸಿರು ಬಿಟ್ಟಳು. ನನಗೋ, ಕೊನೆಗೂ ಒಪ್ಪಿಕೊಂಡರಲ್ಲ ಎಂಬ ಸಮಾಧಾನ. ಆ ಸಮಾಧಾನವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಡಾಕ್ಟರ್ ಬರೆದುಕೊಳ್ಳಲು ಪೆನ್ನು ತೆಗೆದರು. "ಪಚಡಿ ಎಷ್ಟ ತಿಂದಾಳ್ರಿ?"

ತಾರಾ ಆಕ್ಸಿಜನ್ನಿನ ಕೆಳಗಿನಿಂದ ಕೀರಲು ದನಿಯಲ್ಲಿ ಹೇಳಿದಳು. "ನಾ ಸೌತಿಕಾಯಿ ತಿಂದ ಇಲ್ಲ. ನನಗ ಸೇರೂದಿಲ್ಲ. ವಡಿ ಅಷ್ಟ ತಿಂದೇನಿ."

ಡಾಕ್ಟರ್ ಪೆನ್ನು ಎತ್ತಿದರು. "ವಡಿಗೆ ಏನೇನ್ ಹಾಕಿದ್ರಿ?"

ಕಡಲೆ, ಬಳ್ಳೊಳ್ಳಿ, ಜೀರಿಗೆ, ಕೊತ್ತಂಬರಿ, ಉಪ್ಪು ಎಂದು ಪಾಠ ಒಪ್ಪಿಸಿದಂತೆ ಹೇಳಿದೆ.

"ಕರದಿದ್ದು?"

"ಎಣ್ಣ್ಯಾಗ್ರಿ."

"ಯಾವ ಎಣ್ಣಿ?"

ಯಾವ ಎಣ್ಣೆ! ಅಂಥದ್ದೊಂದು ಪ್ರಶ್ನೆ ಉಂಟು ಎಂದೇ ನನಗೆ ಹೊಳೆದಿರಲಿಲ್ಲ. ನಾನು ಹುಟ್ಟಿದ ಮನೆಯಲ್ಲಿ, ಸೇರಿದ ಮನೆಯಲ್ಲಿ ಎಣ್ಣೆ ಎಂದರೆ ಎಣ್ಣೆ. ಬೇರೆಯವಕ್ಕೆ ಹೆಸರಿರುತ್ತದೆ, ಕೊಬ್ಬರಿ ಎಣ್ಣೆ, ಔಡಲ ಎಣ್ಣೆ, ಎಳ್ಳೆಣ್ಣೆ. ಅಡುಗೆಯ ಎಣ್ಣೆಗೆ ಮುಂದೆ ಹೆಸರು ಹಚ್ಚುವ ರೂಢಿಯೇ ನಮ್ಮಲ್ಲಿಲ್ಲ. ನನ್ನ ಗಂಡ ಜಮಖಂಡಿಯ ಗಾಣದಿಂದ ತಿಂಗಳಿಗೊಂದು ಕ್ಯಾನು ತರುತ್ತಾರೆ. ಶೇಂಗಾ ಹಾಕಿ, ಎದುರಿಗೇ ನಿಂತು ಹಿಂಡಿಸಿ ತರುತ್ತಾರೆ. ಕಾಳು ಹೊರಗೆ ಹಾಕಿದೆ, ಹಿಂಡಿ ಹೊರಗೆ ಹಾಕಿದೆ. ಆಮೇಲೆ ಅದರ ರಸವನ್ನೇ ಬಾಣಲೆಯ ತುಂಬ ಸುರಿದು, ಮಗು ತಿನ್ನುವ ವಡೆಯನ್ನು ನನ್ನ ಕೈಯಾರೆ ಅದರಲ್ಲಿ ಅದ್ದಿ ತೆಗೆದೆ. ಯಾವ ದೇಶದಲ್ಲಿ ಏನು ಬೆಳೆಯುತ್ತದೆ ಎಂದು ಮಕ್ಕಳಿಗೆ ಕಲಿಸುವವಳು ನಾನು!

"ಪಾಕೀಟ್ ಎಣ್ಣಿ ರೀ, ಸೂರ್ಯಕಾಂತೀದು" ಎಂದರು ಅತ್ತೆ ಬಾಗಿಲ ಬಳಿಯಿಂದ, ನಾನು ಬಾಯಿ ತೆರೆಯುವ ಮೊದಲೇ.

ಡಾಕ್ಟರ್ ತಲೆಯಾಡಿಸಿದರು. "ಹಂಗಾರ ಹಿಂಡಿ ಕೈಲೇ ವಡಿ ಮುಟ್ಟಿರಬೇಕು" ಎಂದು ಬರೆಯತೊಡಗಿದರು.

ಪ್ರತಿಮಾ ನನ್ನನ್ನೇ ನೋಡುತ್ತಿದ್ದಳು. ಅವಳೂ ಅದೇ ಎಣ್ಣೆಯಲ್ಲಿ ಬೆಳೆದವಳು, ಅವಳಿಗೂ ಹೊಳೆದಿತ್ತು. ಮುಧೋಳದ ಮನೆಯಲ್ಲಿ ಮಾತ್ರ ಮೊದಲಿನಿಂದಲೂ ಪಾಕೀಟು ಎಣ್ಣೆ, ಹಾಗಾಗಿ ಅಲ್ಲಿ ಈ ಪ್ರಶ್ನೆಯೇ ಎದ್ದಿರಲಿಲ್ಲ. ದುರಗೇಶನ ಬೆನ್ನ ಹಿಂದಿನಿಂದ ಸಣ್ಣಗೆ ತಲೆ ಅಲ್ಲಾಡಿಸಿದಳು. ಬೇಡ ಅಕ್ಕಾ. ಹೇಳಬೇಡ. ಎಂಟು ತಿಂಗಳು ಮಗುವನ್ನು ಸಾಕಿದವಳು, ತನ್ನ ಅಕ್ಕನ ಮನೆಯ ಎಣ್ಣೆ ಯಾವುದೆಂದು ಕೇಳಲಿಲ್ಲವೇ ಎಂದು ನಾಳೆ ಅನಸವ್ವ ಕೇಳಿದರೆ ಉತ್ತರವಿರಲಿಲ್ಲ. ಮುದುಕಿಯ ರೂಢಿ ಎಂದರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು.

ಮುಗಿಯುತ್ತಿತ್ತೇ? ನಾಳೆ ಇನ್ಯಾರದೋ ಮನೆಯಲ್ಲಿ ಹಿಂಡಿ ಡಬ್ಬಿಯನ್ನು ದೂರವಿಟ್ಟು ಪ್ರೀತಿಯಿಂದ ಇವಳಿಗೆ ಪೂರಿ ಕರಿದು ಕೊಡುತ್ತಾರೆ. ಆ ದಾರಿಯಲ್ಲೂ ಕಬ್ಬಿನ ಟ್ರ್ಯಾಕ್ಟರ್ ನಿಂತಿದ್ದರೆ?

"ಸುಳ್ಳ್ರೀ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಶೇಂಗಾ ಎಣ್ಣಿ. ಗಾಣದ್ದು. ನಾನ ಕರದೇನಿ. ಅತ್ತಿ ಏನೂ ಹಾಕಿಲ್ಲ, ನನ್ನ ಸಲುವಾಗಿ ಸುಳ್ಳ ಹೇಳಾಕತ್ತಾರ."

ಡಾಕ್ಟರ್ ಬರೆದದ್ದನ್ನು ಹೊಡೆದು ಹಾಕಿದರು. "ಗಾಣದ ಎಣ್ಣ್ಯಾಗ ಶೇಂಗಾದ ಅಂಶ ಹಂಗ ಇರ್ತೈತ್ರಿ. ಹೇಳಿದ್ದ ಛಲೋ ಆತು" ಎಂದು ಬೇರೆ ಚೀಟಿ ತೆಗೆದುಕೊಂಡರು. ದುರಗೇಶ ಮಗಳ ಕಡೆ ತಿರುಗಿದ. ಪ್ರತಿಮಾ ಮಂಚದ ಅಂಚಿನಲ್ಲಿ ಕುಸಿದು ಕೂತಳು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ಅವರ ಅಂಗಾಲಿನಲ್ಲಿ ಕಬ್ಬಿನ ಸಿಬಿರು ಚುಚ್ಚಿ ರಕ್ತ ಒಣಗಿತ್ತು.

"ನಿಮಗ ಗೊತ್ತಿತ್ತಾ?" ಎಂದು ಕೇಳಿದೆ.

"ಮನ್ಯಾಗ ಕೈ ಮಾಡಿ ಬೈದ್ಯಲ್ಲ, ನಿನ್ನ ಕೈಗೆ ಎಣ್ಣಿ ವಾಸನಿ ಇತ್ತು. ಆಗ ತಿಳೀತು."

"ಮತ್ತ್ಯಾಕ ಸುಮ್ಮನಿದ್ರಿ?"

"ನೀ ಕೇಳೂ ಹಂಗಿದ್ದ್ಯಾ ಆಗ?" ಅತ್ತೆ ಸಿಬಿರನ್ನು ಉಗುರಿನಿಂದ ಕೀಳುತ್ತ ಹೇಳಿದರು. "ಇಲ್ಲಿ ಬಂದ್ ಮ್ಯಾಲ ವಿಚಾರ ಮಾಡ್ದೆ. ಮುದುಕಿ ತಪ್ಪ ಮಾಡಿದ್ರ ಮಂದಿ ನಾಕ ದಿನ ಬೈದು ಬಿಡ್ತಾರ. ಆ ಹುಡುಗಿ ಈಗರೆ ಮನಿ ಕಟ್ಟಾಕತ್ತಾಳ. ಬಿಡು ಅದನ್ನ. ಆದ್ರ ಕಾವೇರಿ, ಹದಿನೈದ ವರ್ಷ ನನ್ನ ಕೈಯಾಗಿಂದು ಉಂಡಾಕಿ ನೀ. ನಾ ಕೂಸಿಗೆ ವಿಷಾ ಹಾಕ್ತೇನೇನ?"

ಕಾಲು ಮುಟ್ಟಲು ಬಗ್ಗಿದರೆ ಹಿಂದಕ್ಕೆ ಎಳೆದುಕೊಂಡರು. ನಾನು ಅತ್ತುಬಿಟ್ಟೆ, ಜನ ನೋಡುತ್ತಾರೆ ಎಂಬುದನ್ನೂ ಮರೆತು.

ಅಷ್ಟರಲ್ಲಿ ದುರಗೇಶ ಫೋನು ಹಿಡಿದು ಹೊರಗೆ ಬಂದ. ಅನಸವ್ವ. ಯಾರೋ ಮುಧೋಳದ ನೆರೆಯವರು ಸುದ್ದಿ ಮುಟ್ಟಿಸಿದ್ದರು. ಬಿಳಗಿಯಿಂದ ಬನಹಟ್ಟಿಗೆ ಫೋನಿಲ್ಲದೆಯೂ ಕೇಳುವಂಥ ದನಿ ಆಕೆಯದು.

"ನಾ ಹೇಳಿರಲಿಲ್ಲೇನ? ಕೊಲ್ಲತಾರ ನನ್ನ ಕೂಸಿನ್ನ ಅಂತ! ನಾಳಿ ಮುಂಜಾನೆ ಬರ್ತೇನಿ, ಸಾಲಿ ಪಾಲಿ ಏನೂ ಹೇಳಬ್ಯಾಡ, ಮಗೂನ್ನ ಒಯ್ತೇನಿ. ನಮ್ಮ ಮನ್ಯಾಗ ಶೇಂಗಾ ಹೊಚ್ಚಲಾ ದಾಟಗೊಡೂದಿಲ್ಲ. ಒಂದ್ ಕಾಳು ಸಿಕ್ರ ನನ್ನ ಹೆಸರ ಕರೀಬ್ಯಾಡ!"

ದುರಗೇಶ ಬಾಗಿಲಿನಿಂದ ಮಗಳ ಕಡೆ ನೋಡಿದ. ಈಗ ಹೂಂ ಅನ್ನುತ್ತಾನೆ, ಮುಗಿಯಿತು ಎಂದುಕೊಂಡೆ.

"ಅತ್ತಿ, ಅಡಗಿಗೆ ಯಾವ ಎಣ್ಣಿ ಹಾಕ್ತೀರಿ?" ಎಂದು ಫೋನಿನಲ್ಲಿ ಕೇಳಿದ.

"ಏನಂದಿ?"

"ಎಣ್ಣಿ ರೀ. ನಿಮ್ಮ ಮನ್ಯಾಗ ಯಾವ ಎಣ್ಣಿ?"

"ಯಾವ ಎಣ್ಣಿ ಅಂದ್ರ?" ಅನಸವ್ವನ ದನಿಯಲ್ಲಿ ನಿಜವಾದ ಬೆರಗಿತ್ತು. "ಎಣ್ಣೀನ ಹಾಕ್ತೇವಿ. ಎಲ್ಲಾರೂ ಹಾಕೂದ ಹಾಕ್ತೇವಿ. ಕೂಸಿನ ಜೀವದ ಮಾತಾಡಾಕತ್ರ ನೀ ಎಣ್ಣಿ ಕೇಳ್ತಿಯಲ್ಲೋ!"

ದುರಗೇಶ ಗೋಡೆಗೊರಗಿ ಕಣ್ಣು ಮುಚ್ಚಿದ. "ನಾನೂ ಯಾರಿಗೂ ಎಣ್ಣಿ ಅಂತ ಬಿಡಿಸಿ ಹೇಳಿರಲಿಲ್ರಿ ಅತ್ತಿ, ತಪ್ಪ ನಂದೂ ಐತಿ" ಎಂದ. "ಇಲ್ಲಿ ಇವತ್ತ ಗೊತ್ತಾತು. ಗೊತ್ತಾದವ್ರ ಹತ್ರ ಇರ್ಲಿ ಮಗಳು. ನೀವು ಬರ್ರಿ, ನಮ್ಮ ಮನ್ಯಾಗ ನಾಕ ದಿನ ಇದ್ದು ಹೋಗ್ರಿ. ಆಕೀನ್ನ ಕಳಸೂದಿಲ್ಲ."

ಆ ಕಡೆ ಕೂಗಾಟ ಮುಂದುವರಿದಿತ್ತು. ನನಗೆ ಅದಾವುದೂ ಕೇಳಿಸಲಿಲ್ಲ. ಒಳಗೆ ಪ್ರತಿಮಾ ಮಗುವಿನ ಪಾದ ಒತ್ತುತ್ತ, ಎಲ್ಲ ಕಳೆದುಕೊಂಡವಳ ಮುಖ ಮಾಡಿ ಕೂತಿರುವುದು ಬಾಗಿಲಿನಿಂದ ಕಾಣುತ್ತಿತ್ತು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಓಡಿ ಹೋಗಿ ಹೇಳಲು ನಾನು ಎದ್ದೆ.

ಅತ್ತೆ ನನ್ನ ಕೈ ಹಿಡಿದು ಕೂರಿಸಿದರು.

"ನೀ ಕುಂದರು" ಎಂದರು. "ಅಂವ ಹೇಳ್ಲಿ."